ರೈಲು ಮುಟ್ಟಿದ ಊರಿಗೆ ನೀರು ಮುಟ್ಟಿದೆಯೇ?

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮಲೆನಾಡಿನ ಅನೇಕ ಮನೆಗಳಲ್ಲಿ ಒಂದೇ ಲೆಕ್ಕಾಚಾರ ಆರಂಭವಾಗುತ್ತದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನಿಗೋ ಮಗಳಿಗೋ ಅಲ್ಲಿಯೇ ಒಂದು ನಿವೇಶನ ಕೊಳ್ಳಬಾರದೇಕೆ? ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಬೆಲೆ ಮಧ್ಯಮವರ್ಗದ ಕೈಗೆ ಎಟುಕದಂತಾಗಿ ಬಹುಕಾಲವಾಯಿತು. ಹೀಗಾಗಿ ನೋಟ ಹೊರವಲಯದತ್ತ ಹೊರಳುತ್ತದೆ. ಕನಕಪುರ ರಸ್ತೆಯ ಕಗ್ಗಲೀಪುರ, ಹಾರೋಹಳ್ಳಿ, ಹೊಸೂರು ರಸ್ತೆಯ ಚಂದಾಪುರ, ಅತ್ತಿಬೆಲೆ, ಮೈಸೂರು ರಸ್ತೆಯ ಬಿಡದಿ ಮುಂತಾದ ಹೆಸರುಗಳು ಊಟದ ಪಂಕ್ತಿಯಲ್ಲೂ ಕೇಳಿಬರುತ್ತವೆ. ಬೆಳಗ್ಗೆ ನಗರಕ್ಕೆ ದುಡಿಯಲು ಹೋಗಿ ರಾತ್ರಿ ಮಲಗಲು ಹಿಂದಿರುಗುವ ಇಂತಹ ಊರುಗಳಲ್ಲಿ ಯಾವುದನ್ನು ಆರಿಸಬೇಕು? ದಲ್ಲಾಳಿಯ ಉತ್ತರ ಸದಾ ಸಿದ್ಧ: ಮೆಟ್ರೋ ಎಲ್ಲಿಗೆ ಹತ್ತಿರವೋ ಅಲ್ಲಿ.

ಈ ಉತ್ತರದಲ್ಲಿ ಹುರುಳಿಲ್ಲವೆಂದಲ್ಲ. 2017ರಲ್ಲಿ ಯಲಚೇನಹಳ್ಳಿಯವರೆಗೆ ಬಂದ ಹಸಿರು ಮಾರ್ಗ 2021ರ ಜನವರಿಯಲ್ಲಿ ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆಯ ನಿಲ್ದಾಣವನ್ನು ತಲುಪಿತು. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬಿ.ಟಿ.ಎಂ. ಬಡಾವಣೆಯ ಮೂಲಕ ಬೊಮ್ಮಸಂದ್ರದವರೆಗೆ ಸುಮಾರು 19 ಕಿ.ಮೀ. ಓಡುತ್ತದೆ. ಸ್ವಂತ ಕಾರಿಗಿಂತ ರೈಲು ಮೇಲೆಂಬುದರಲ್ಲಿ ಪರಿಸರಾಸಕ್ತರಿಗೆ ಭಿನ್ನಾಭಿಪ್ರಾಯವಿರಲಾರದು. ಆದರೆ ಮನೆ ಕೊಳ್ಳುವವರು ರೈಲಿನ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಈ ಊರಿನ ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ?

2024ರ ಬೇಸಿಗೆ ಈ ಪ್ರಶ್ನೆಯ ತೂಕವನ್ನು ತೋರಿಸಿಕೊಟ್ಟಿತು. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಹೆಚ್ಚು ಬವಣೆಪಟ್ಟವರು ಕಾವೇರಿ ಕೊಳವೆ ತಲುಪದ ಹೊರವಲಯದವರು. ಇದಕ್ಕೆ ಕಾರಣ ನೆಲದಡಿಯಲ್ಲಿಯೇ ಇದೆ. ಬೆಂಗಳೂರಿನ ಕೆಂಪು ಮಣ್ಣಿನ ಕೆಳಗಿರುವುದು ಗಟ್ಟಿ ಶಿಲೆ. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ ಮಾತ್ರ. ಮೇಲಿನ ಹೊಲ, ಕೆರೆ, ಗೋಮಾಳಗಳು ಕಾಂಕ್ರೀಟಾದ ಮೇಲೆ ಆ ಬಿರುಕುಗಳಿಗೆ ಮಳೆನೀರು ಇಳಿಯುವ ದಾರಿಯೇ ಮುಚ್ಚುತ್ತದೆ, ತೋಡುವ ಆಳ ಮಾತ್ರ ಹೆಚ್ಚುತ್ತದೆ.

2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ. ಅದರ ಗುರಿ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳು. ಆ ಗೆರೆಯ ಆಚೆಗಿರುವ ಪಂಚಾಯಿತಿಗಳ ಬಡಾವಣೆಗಳಲ್ಲಿ ಕೊಳವೆಬಾವಿ ಬತ್ತಿದರೆ ಟ್ಯಾಂಕರೇ ಗತಿ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಪಂಪ್‌ಹೌಸ್‌ಗಳ ಮೂಲಕ ಸುಮಾರು 100 ಕಿ.ಮೀ. ಸಾಗಿ, ಸುಮಾರು 500 ಮೀಟರ್ ಮೇಲೇರಿ ನಗರ ಸೇರುತ್ತದೆ. ಹಿರಿಕೊಳವೆ ಊರಿನ ಪಕ್ಕದಲ್ಲಿ ಹಾದುಹೋದ ಮಾತ್ರಕ್ಕೆ ಆ ನೀರು ಊರಿನ ನಲ್ಲಿಗೆ ಬರುವುದಿಲ್ಲವೆಂಬುದನ್ನು ಕನಕಪುರ ರಸ್ತೆಯಲ್ಲಿ ನಿವೇಶನ ನೋಡುವವರು ಮರೆಯಬಾರದು.

ಮಲೆನಾಡಿಗೂ ಇದಕ್ಕೂ ಏನು ಸಂಬಂಧ? ಕೊಡಗಿನ ಕಾವೇರಿ, ಮೂಡಿಗೆರೆ ಸೀಮೆಯ ಹೇಮಾವತಿ ಇವೇ ಆ ನಲ್ಲಿಯ ಮೂಲ. ಅವು ಸಾಲದಾದಾಗ ನಗರದ ಕಣ್ಣು ಬೀಳುವುದು ಪಶ್ಚಿಮಕ್ಕೆ ಹರಿಯುವ ನದಿಗಳ ಮೇಲೆ. 2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಬೀದಿಗಿಳಿಯಿತು. 1964ರಲ್ಲಿ ಪೂರ್ಣಗೊಂಡ ಅದೇ ಅಣೆಕಟ್ಟಿಗಾಗಿ ಊರು ಕಳೆದುಕೊಂಡವರ ಭೂಹಕ್ಕಿನ ಪ್ರಶ್ನೆ ಇಂದಿಗೂ ಮುಗಿದಿಲ್ಲ. ನದಿ ತಿರುವನ್ನು ಇಲ್ಲಿ ವಿರೋಧಿಸಿ, ನೀರಿಲ್ಲದ ಬಡಾವಣೆಯಲ್ಲಿ ಅಲ್ಲಿ ನಿವೇಶನ ಕೊಂಡರೆ, ಮುಂದಿನ ಯೋಜನೆಗೆ ಬೇಕಾದ ಬೇಡಿಕೆಯನ್ನು ಮಲೆನಾಡಿನ ಹಣವೇ ಹುಟ್ಟಿಸಿದಂತಾಗುತ್ತದೆ.

ಬಳಸಿದ ನೀರಿನ ಕಥೆ ಇನ್ನೂ ಕಹಿ. ದಕ್ಷಿಣ ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟಿತೆನ್ನುವ ವೃಷಭಾವತಿ ನಗರದ ಕೊಳಚೆ ಹೊತ್ತು, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿಯನ್ನು ಕೂಡಿ, ಕೊನೆಗೆ ಸಂಗಮದಲ್ಲಿ ಕಾವೇರಿಗೇ ಇಳಿಯುತ್ತದೆ. ಮೇಲಿನ ಊರಿನವರು ಬಿಟ್ಟದ್ದನ್ನು ಕೆಳಗಿನ ರೈತರು ಹೊಲಕ್ಕೆ ಹಾಯಿಸಬೇಕಾಗಿದೆ. ಒಳಚರಂಡಿಯಿಲ್ಲದ ಪ್ರತಿಯೊಂದು ಹೊಸ ಬಡಾವಣೆಯೂ ಇಂತಹ ಇನ್ನೊಂದು ಹಳ್ಳವನ್ನು ಸೃಷ್ಟಿಸುತ್ತದೆ.

ಕಾಡಿನ ವಿಷಯವೂ ಇದಕ್ಕೆ ಹೊರತಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಪರಿಸರಸೂಕ್ಷ್ಮ ವಲಯ 2016ರ ಕರಡಿನಲ್ಲಿ ಸುಮಾರು 269 ಚ.ಕಿ.ಮೀ. ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು ಸುಮಾರು 169ಕ್ಕೆ ಕುಗ್ಗಿತು. ಘಟ್ಟದ ರೈತನಿಗೆ ಕಾಡಿನ ಪಾಠ ಹೇಳುವ ನಗರ ತನ್ನ ಅಂಚಿನ ಆನೆದಾರಿಗೆ ಕೊಟ್ಟ ಜಾಗವಿಷ್ಟು. ‘ಅರಣ್ಯದ ನೋಟವುಳ್ಳ ನಿವೇಶನ’ ಎಂಬ ಜಾಹೀರಾತನ್ನು ಓದುವಾಗ ಈ ಅಂಕಿಗಳು ನೆನಪಿರಬೇಕು.

ಹಾಗಾದರೆ ಕೊಳ್ಳಲೇಬಾರದೇ? ಕೆಲಸ ನಗರದಲ್ಲಿದ್ದಾಗ ತಲೆಯ ಮೇಲೊಂದು ಸೂರು ಬೇಕೆಂಬುದು ನ್ಯಾಯವಾದ ಆಸೆ. ಅಗ್ಗವಾದ ಕಡೆಗೇ ಬಡವರೂ ಮಧ್ಯಮವರ್ಗದವರೂ ಹೋಗಬೇಕಾಗುತ್ತದೆ ಎಂಬ ವಾದವೂ ಸತ್ಯ. ಆದರೆ ಅಗ್ಗದ ನಿವೇಶನದ ಬೆಲೆಗೆ ವರ್ಷವರ್ಷದ ಟ್ಯಾಂಕರಿನ ಹಣವನ್ನೂ ದಿನದಿನದ ಪ್ರಯಾಣದ ಹೊತ್ತನ್ನೂ ಕೂಡಿಸಿ ನೋಡಬೇಕು. ಆಗ ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಒಂದು ಹಳೆಯ ಸಣ್ಣ ಮನೆ, ಅಥವಾ ಬಾಡಿಗೆಯ ಮನೆಯೇ, ದೂರದ ದೊಡ್ಡ ನಿವೇಶನಕ್ಕಿಂತ ಲೇಸೆನಿಸಬಹುದು. ದೂರವೇ ಅನಿವಾರ್ಯವಾದರೆ ಕ್ರಯಪತ್ರಕ್ಕೆ ಮೊದಲು ನಾಲ್ಕು ಸಂಗತಿಗಳನ್ನು ವಿಚಾರಿಸಬೇಕು. ಭೂಪರಿವರ್ತನೆಯೂ ಬಡಾವಣೆಯ ನಕ್ಷೆಗೆ ಅನುಮೋದನೆಯೂ ಆಗಿದೆಯೇ? ಕಂದಾಯ ನಕ್ಷೆಯಲ್ಲಿ ಆ ಜಾಗ ಕೆರೆಯಂಗಳವೋ ರಾಜಕಾಲುವೆಯೋ ಆಗಿತ್ತೇ? ಏಪ್ರಿಲ್ ತಿಂಗಳಲ್ಲಿ ನೆರೆಯವರ ಬಾವಿಯಲ್ಲಿ ನೀರಿರುತ್ತದೆಯೇ? ಕೊಳಚೆನೀರಿನ ಶುದ್ಧೀಕರಣಕ್ಕೆ ಏನು ವ್ಯವಸ್ಥೆಯಿದೆ?

ಮಳೆಯ ಲೆಕ್ಕವನ್ನು ವಿದ್ಯಾರ್ಥಿಗಳೂ ಮಾಡಿ ನೋಡಬಹುದು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. 30x40 ಅಡಿ ನಿವೇಶನದ ಮುಕ್ಕಾಲು ಭಾಗ ಚಾವಣಿಯಾದರೆ, ಸೋರಿಕೆ ಕಳೆದು ವರ್ಷಕ್ಕೆ ಸುಮಾರು 68 ಸಾವಿರ ಲೀಟರ್ ಸಿಗುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಸಂಸಾರಕ್ಕೆ ಇದು ನಾಲ್ಕು ತಿಂಗಳ ನೀರು. ಹೊಸ ಮನೆಗಳಿಗೆ ಮಳೆನೀರು ಸಂಗ್ರಹವನ್ನು 2009ರಲ್ಲಿಯೇ ಜಲಮಂಡಳಿಯ ಕಾಯ್ದೆ ಕಡ್ಡಾಯ ಮಾಡಿದೆ. ಅದನ್ನು ಕಣ್ಣಾರೆ ಕಲಿಯಲು ಜಯನಗರದಲ್ಲಿ ಮಂಡಳಿಯದೇ ಉದ್ಯಾನವಿದೆ.

ರೈಲುಮಾರ್ಗವನ್ನು ಸರ್ಕಾರ ಇನ್ನೂ ಹತ್ತು ಊರುಗಳಿಗೆ ವಿಸ್ತರಿಸಬಹುದು. ನದಿಯನ್ನು ಹಾಗೆ ವಿಸ್ತರಿಸಲಾಗದು, ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆಗೆ ಕೊಡಬೇಕಾಗುತ್ತದೆ. ಆದ್ದರಿಂದ ತೋಟದ ದುಡಿಮೆಯನ್ನು ನಗರದ ಮಣ್ಣಿನಲ್ಲಿ ಹೂಡುವ ಮಲೆನಾಡಿನ ಕುಟುಂಬಗಳು ಮೊದಲು ನೀರನ್ನು ನೋಡಲಿ, ಆಮೇಲೆ ನಿಲ್ದಾಣವನ್ನು ನೋಡಲಿ.