ಹೊಟ್ಟೆಗೆ ಹಗುರ, ರಕ್ತಕ್ಕೆ ಭಾರ

ನಮ್ಮ ಕೆಂಭಾವಿಯ ಕಡೆ ಬ್ರೆಡ್ ಎಂದರೆ ಇಂದಿಗೂ ರೋಗಿಯ ಆಹಾರ. ಜ್ವರ ಬಂದವರನ್ನು ಕಾಣಲು ಹೋಗುವವರು ಒಂದು ಪೊಟ್ಟಣ ಬ್ರೆಡ್ ಒಯ್ಯುವುದು ವಾಡಿಕೆ. ಹಲ್ಲಿಗೆ ಮೆತ್ತಗೆ, ಹೊಟ್ಟೆಗೆ ಹಗುರ ಎಂಬ ನಂಬಿಕೆ ಅದಕ್ಕೆ ಕಾರಣ. ಎರಡು ದಿನದ ಜ್ವರಕ್ಕೆ ಇದರಿಂದ ಕೇಡಿಲ್ಲ. ಆದರೆ ಸಕ್ಕರೆ ಕಾಯಿಲೆಯ ಹಿರಿಯರಿಗೂ ರಾತ್ರಿ ರೊಟ್ಟಿ ಬಿಡಿಸಿ ಹಾಲು-ಬ್ರೆಡ್ ಕೊಡುವ ಮನೆಗಳನ್ನು ಕಂಡು ಈ ನಾಲ್ಕು ಮಾತು ಬರೆಯಬೇಕೆನಿಸಿತು.

ಹೊಟ್ಟೆಗೆ ಹಗುರವಾದುದೆಲ್ಲ ರಕ್ತಕ್ಕೆ ಹಗುರವಲ್ಲ. ಬೇಗ ಜೀರ್ಣವಾಗುವ ಪಿಷ್ಟವು ಬೇಗನೆ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಇದನ್ನು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕವನ್ನು 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಮುಂದಿಟ್ಟರು. ಗ್ಲೂಕೋಸಿಗೆ 100 ಎಂದಿಟ್ಟುಕೊಂಡರೆ ಮೈದಾದ ಬಿಳಿ ಬ್ರೆಡ್ಡಿಗೆ ಸುಮಾರು 75.

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು, ‘ಸರ್, ನಾವು ಕಂದು ಬ್ರೆಡ್ ತಿನ್ನುತ್ತೇವೆ’ ಎನ್ನುತ್ತಾರೆ. ಬಣ್ಣವನ್ನು ನಂಬಬೇಡಿರಿ, ಪೊಟ್ಟಣದ ಹಿಂಬದಿಯನ್ನು ಓದಿರಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಮೊದಲ ಹೆಸರು ಮೈದಾ ಆಗಿದ್ದು, ಕೊನೆಯಲ್ಲೆಲ್ಲೋ ಕ್ಯಾರಮೆಲ್ ಬಣ್ಣ ಅಥವಾ 150ರ ಸಂಖ್ಯೆ ಕಂಡರೆ, ಅದು ಬಣ್ಣ ಬಳಿದುಕೊಂಡ ಬಿಳಿ ಬ್ರೆಡ್ಡೇ. ಇಡೀ ಗೋಧಿ ಹಿಟ್ಟು ಮೊದಲಿದ್ದರೆ ಕೊಳ್ಳಲು ಅಡ್ಡಿಯಿಲ್ಲ.

ಊರಿನಲ್ಲಿರುವವರಿಗೆ ಈ ತೊಡಕೇ ಬೇಡ. ನಮ್ಮ ಬ್ರೆಡ್ ಜೋಳದ ರೊಟ್ಟಿಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ರೊಟ್ಟಿಯನ್ನು ಅಗಿದು ತಿನ್ನಬೇಕು. ಜೊತೆಗೆ ಹೆಸರುಕಾಳು ಪಲ್ಯ, ಮೆಂತೆ ಸೊಪ್ಪು, ಶೇಂಗಾ ಚಟ್ನಿ ಇದ್ದರೆ ಸಕ್ಕರೆ ಇನ್ನೂ ನಿಧಾನವಾಗಿ ಏರುತ್ತದೆ.

ಹಾಗೆಂದು ರೊಟ್ಟಿ ಔಷಧವಲ್ಲ. ಜೋಳವೂ ಪಿಷ್ಟವೇ. ದಿನವಿಡೀ ಹೊಲದಲ್ಲಿ ದುಡಿದ ನಮ್ಮ ಹಿರಿಯರು ನಾಲ್ಕು ರೊಟ್ಟಿ ಉಂಡರೆಂದು ಕುರ್ಚಿಯಲ್ಲಿ ಕುಳಿತ ನಾವೂ ಉಣ್ಣುವುದು ತರವಲ್ಲ. ಊಟವಾದ ಎರಡು ಗಂಟೆಗೆ ರಕ್ತ ಪರೀಕ್ಷಿಸಿಕೊಂಡರೆ ಎಷ್ಟು ರೊಟ್ಟಿ ಸಾಕೆಂಬುದು ತಾನೇ ತಿಳಿಯುತ್ತದೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟವನ್ನು ಒಮ್ಮೆಲೇ ತಗ್ಗಿಸಬಾರದು. ಸಕ್ಕರೆ ಮಿತಿಮೀರಿ ಇಳಿಯುವುದೂ ಅಪಾಯವೇ.

ನಾರಾಯಣಪುರದ ಬಸವಸಾಗರದಿಂದ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರ ಸೀಮೆಯ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ರೈತನ ಕೈಗೆ ಹಣ ಬಂತು, ಅದನ್ನು ಹಳಿಯಲಾರೆ. ಆದರೆ ಹೊಲದೊಂದಿಗೆ ತಟ್ಟೆಯೂ ಬದಲಾಗಬೇಕಿರಲಿಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ತಿಳಿಸಿತು. ಆ ಲೆಕ್ಕದಲ್ಲಿ ನಮ್ಮ ಮನೆಯವರೂ ಇದ್ದಾರೆ.

ಆದುದರಿಂದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಸಕ್ಕರೆ ಕಾಯಿಲೆಯವರನ್ನು ನೋಡಲು ಹೋಗುವಾಗ ಬ್ರೆಡ್ ಪೊಟ್ಟಣ ಬೇಡ. ಒಂದು ಸೇರು ಬಿಳಿಜೋಳ ಒಯ್ಯಿರಿ. ಹಲ್ಲಿಲ್ಲದವರಿದ್ದರೆ ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ಮುರಿದು ನೆನೆಸಿ ಕೊಡಿರಿ.