ದೇಣಿಗೆಯ ರಶೀದಿ ಎಲ್ಲಿ? | ಭಾಗ 4

ನಮ್ಮ ಕೊಕ್ಕಡದಲ್ಲಿ ಜಾತ್ರೆಗೆ 500 ರೂಪಾಯಿ ಕೊಟ್ಟರೂ ರಶೀದಿ ಉಂಟು, ಮೈಕಲ್ಲಿ ಹೆಸರೂ ಹೇಳ್ತಾರೆ. ಕಂಪನಿ ಪಕ್ಷಕ್ಕೆ ಕೋಟಿ ಕೊಟ್ಟರೆ?

ಕಂಪನಿ ಕಾಯ್ದೆಯ 182ನೇ ಸೆಕ್ಷನ್ ನೋಡಿ. ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5 ಮಾತ್ರ ಕೊಡಬಹುದಿತ್ತು. 2017ರಲ್ಲಿ ಆ ಮಿತಿ ತೆಗೆದರು. ನಷ್ಟದ ಕಂಪನಿಯೂ ಕೊಡಬಹುದು, ಯಾವ ಪಕ್ಷಕ್ಕೆ ಅಂತ ಲೆಕ್ಕದಲ್ಲಿ ತೋರಿಸುವುದೂ ಬೇಡ! ನಷ್ಟದಲ್ಲಿರುವವ ಕೊಟ್ಟದ್ದು ದಾನವಾ, ಬಂಡವಾಳವಾ?

2024 ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡಿನ ಜೊತೆ ಇದನ್ನೂ ರದ್ದು ಮಾಡಿತು. ಪಟ್ಟಿ ಹೊರಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಬಾಂಡ್ ತೆಗೊಂಡದ್ದು ಒಂದು ಲಾಟರಿ ಕಂಪನಿ: 1,368 ಕೋಟಿ.

ಬಾಂಡ್ ಹೋಯ್ತು, ಕಂಪನಿ ದೇಣಿಗೆ ಹೋಗಿಲ್ಲ. ನನ್ನ ಮೊದಲ ವೋಟು ಇನ್ನು ಬರ್ಲಿಕ್ಕುಂಟು. ಮನೆಗೆ ವೋಟು ಕೇಳ್ಲಿಕ್ಕೆ ಬಂದವರಲ್ಲಿ ನಾನು ಕೇಳುವುದು ಒಂದೇ: ನಿಮ್ಮ ಪಕ್ಷದ ರಶೀದಿ ಪುಸ್ತಕ ತೋರಿಸ್ತೀರಾ? ನೀವೂ ಕೇಳಿ.