ಎಣಿಸುವ ಬಾಯಿ, ಬಗ್ಗದ ಬೆನ್ನು

ಬೆಳಗಿನ ಐದೂವರೆಗೆ ಯೋಗಶಾಲೆಯ ಬಾಗಿಲು ತೆಗೆದು, ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಮೊಬೈಲು ಹಿಡಿದು ‘ಉಸಿರು ಒಳಗೆ, ಉಸಿರು ಹೊರಗೆ’ ಎಂದು ಎಣಿಸುತ್ತ ಓಡಾಡುವ ಮೇಷ್ಟ್ರುಗಳೇ, ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮಗೆಂದು ನೀವು ಚಾಪೆ ಹಾಸಿ ಎಷ್ಟು ದಿನವಾಯಿತು?

ನನ್ನನ್ನು ಹೀಗೆ ಕೇಳಿದವರು ಎಪ್ಪತ್ತರ ಒಬ್ಬ ಅಜ್ಜಿ. ಚಾಪೆ ಸುತ್ತುತ್ತಾ, ಯಾವ ಕುಹಕವೂ ಇಲ್ಲದೆ, ‘ಮೇಷ್ಟ್ರೇ, ನೀವು ಯಾವಾಗ ಮಾಡ್ತೀರಾ?’ ಅಂದರು. ‘ನಾಲ್ಕು ಗಂಟೆಗೇ ಮುಗಿಸಿಬಿಡ್ತೀನಿ’ ಅಂದೆ. ಅಪ್ಪಟ ಸುಳ್ಳು. ಮನೆಗೆ ಹೋಗಿ ಪಶ್ಚಿಮೋತ್ತಾನಾಸನಕ್ಕೆ ಕೂತೆ. ಬೆರಳುಗಳು ಮೊಣಕಾಲಿನಿಂದ ಒಂದು ಗೇಣು ಇಳಿದು ಅಲ್ಲೇ ನಿಂತವು. ದಿನವೂ ನಲವತ್ತು ಜನಕ್ಕೆ ‘ಹಣೆ ಮೊಣಕಾಲಿಗೆ ತಾಗಲಿ’ ಎಂದು ಗದರುತ್ತಿದ್ದ ಬಾಯಿ ನನ್ನದು. ಹೇಳೋದು ವೇದ, ಹಾಕೋದು ಗಾಳ.

ಶಾಲೆಯ ಗೋಡೆಗೆ ‘ನಿನ್ನನ್ನು ನೀನು ಅರಿ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದೆ. ಅರಿಯಲು ಹೊರಟರೆ ಮೊದಲು ಎದುರಾದವನು ಒಬ್ಬ ಸುಳ್ಳುಗಾರ. ಪತಂಜಲಿಯ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಸತ್ಯ ಬರುವುದು ಮೊದಲ ಅಂಗವಾದ ಯಮದಲ್ಲೇ. ನಾನು ಹೊಸಿಲಲ್ಲೇ ಎಡವಿದ್ದೆ.

ನಾವಿರುವುದು ಮೈಸೂರಿನಲ್ಲಿ. ಕನ್ನಡದಲ್ಲೇ ‘ಯೋಗ ಮಕರಂದ’ ಬರೆದ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಪಾಠ ಹೇಳಿದ ಊರಿದು. ಅವರ ಬಳಿ ಕಲಿತ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯವನ್ನೆಲ್ಲ ಕಾಯಿಲೆಯಲ್ಲೇ ಕಳೆದವರು. 1937ರಲ್ಲಿ ಪುಣೆಗೆ ಕಲಿಸಲು ಹೋದಾಗ ಅವರಿಗೆ ಹದಿನೆಂಟು. ಎದುರಿಗಿದ್ದ ಶಿಷ್ಯರಲ್ಲಿ ಎಷ್ಟೋ ಜನ ಅವರಿಗಿಂತ ಗಟ್ಟಿಮುಟ್ಟು. ದಿನಕ್ಕೆ ಹಲವು ಗಂಟೆ ತಮ್ಮ ಮೈಯನ್ನೇ ಪಠ್ಯ ಮಾಡಿಕೊಂಡು ಓದಿದರು. ತೊಂಬತ್ತು ದಾಟಿದರೂ ಆ ಓದು ನಿಲ್ಲಲಿಲ್ಲ. ನಾವೋ, ಇನ್ನೂರು ಗಂಟೆಯ ಕೋರ್ಸಿನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮೊಳೆ ಹೊಡೆದ ದಿನವೇ ಕಲಿಕೆಗೂ ಮೊಳೆ ಹೊಡೆದೆವು. ಬಹುಕಾಲ, ಬಿಡದೆ, ಆದರದಿಂದ ಮಾಡಿದ ಅಭ್ಯಾಸವೇ ಗಟ್ಟಿಯಾಗಿ ನೆಲೆಯೂರುತ್ತದೆ ಎನ್ನುವ ಪತಂಜಲಿಗೆ ಆ ಕಾಗದ ಏನು ಉತ್ತರ ಕೊಟ್ಟೀತು?

ಇದು ಬರೀ ಸೋಮಾರಿತನವಾಗಿದ್ದರೆ ಸುಮ್ಮನಿರಬಹುದಿತ್ತು. ಅದರ ಏಟು ಬೀಳುವುದು ಶಿಷ್ಯರ ಮೇಲೆ. ಪದ್ಮಾಸನದಲ್ಲಿ ತಿರುಗಬೇಕಾದದ್ದು ತೊಡೆಯ ಮೂಲದ ಕೀಲು. ಅದು ಬಿಗಿದಿದ್ದರೆ ತಿರುಚಿನ ಭಾರವೆಲ್ಲ ಮಂಡಿಯ ಮೇಲೆ. ತನ್ನ ಬಿಗಿತವನ್ನೇ ಮರೆತ ಮೇಷ್ಟ್ರು ಎದುರಿಗಿರುವವನ ಮಂಡಿಯನ್ನು ಅಂಗೈಯಿಂದ ನೆಲಕ್ಕೆ ಒತ್ತುತ್ತಾನೆ. ನಿತ್ಯ ತಾನೂ ಕೂರುವವನಾದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಸೊಂಟದಡಿ ಇಡಲು ಮಡಿಸಿದ ಕಂಬಳಿ ಹುಡುಕುತ್ತಾನೆ.

ಶಿಷ್ಯರೇ, ನೀವೇನೂ ಸಾಚಾ ಅಲ್ಲ. ಜೂನ್ 21ರ ಯೋಗ ದಿನಕ್ಕೆ ಹೊಸ ಟೀಶರ್ಟು, 22ಕ್ಕೆ ಅದೇ ಹಳೇ ಬೆನ್ನುನೋವು. ಶವಾಸನ ಅಂದ ಕೂಡಲೇ ಮೊಬೈಲು ತಡಕುವವರು ನೀವು. ಐದು ನಿಮಿಷ ನಿಮ್ಮ ಜೊತೆ ನಿಮಗೇ ಇರಲಾಗದಿದ್ದರೆ ಮೇಷ್ಟ್ರು ಬದಲಿಸಿ ಏನು ಬಂತು?

ಮರುದಿನ ಅಜ್ಜಿಯ ಹತ್ತಿರ ನಿಜ ಒಪ್ಪಿಕೊಂಡೆ. ‘ಹಂಗಾದ್ರೆ ಇಲ್ಲೇ ಹಾಸ್ಕೊಳ್ಳಿ’ ಎಂದು ತಮ್ಮ ಚಾಪೆ ಪಕ್ಕಕ್ಕೆ ಎಳೆದುಕೊಂಡರು. ಅಂದು ನಾನು ಎಣಿಸಲಿಲ್ಲ, ಅವರು ಎಣಿಸಿದರು.

ಮೇಷ್ಟ್ರುಗಳೇ, ನಾಳೆ ಕಾಫಿ ಲೋಟ ಕೆಳಗಿಟ್ಟು ಚಾಪೆ ಹಾಸಿ. ಅದೂ ಆಗದಿದ್ದರೆ ಹೊರಗಿನ ಬೋರ್ಡನ್ನಾದರೂ ಇಳಿಸಿ.